ಓದಿದ್ದು ಸರಿಯೇ, ಕಾರ್ಡು ಅಸಲಿಯೇ?

ಪಾಸ್‌ಪೋರ್ಟಿನಲ್ಲಿ ಫೋಟೊ ಇರುವ ಪುಟದ ತಳದಲ್ಲಿ ಎರಡು ವಿಚಿತ್ರ ಸಾಲುಗಳಿರುತ್ತವೆ. ಒಂದೊಂದರಲ್ಲೂ 44 ಅಕ್ಷರ. ಖಾಲಿ ಜಾಗದಲ್ಲೆಲ್ಲ ಬಾಣದ ತುದಿಯಂಥ ಗುರುತು. ಯಂತ್ರ ಓದಲೆಂದೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗೊತ್ತುಮಾಡಿರುವ ಸಾಲುಗಳಿವು. ಇದರ ಅಕ್ಷರಶೈಲಿ ಒಸಿಆರ್-ಬಿ. 1968ರಲ್ಲಿ ಆಡ್ರಿಯನ್ ಫ್ರುಟಿಗರ್ ರೂಪಿಸಿದ್ದು.

ಹೀಗಿದ್ದೂ ಬೆಳಕು ಸಾಲದಿದ್ದರೆ ಕ್ಯಾಮೆರಾಗೆ 8 ಎಂಬುದು 6ರಂತೆ ಕಾಣಬಹುದು. ಅದನ್ನು ಹಿಡಿಯಲು ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ ಇವುಗಳ ಬೆನ್ನಿಗೆ ಒಂದೊಂದು ತಾಳೆ ಅಂಕಿ ಇರುತ್ತದೆ. 1990ರ ಆಗಸ್ಟ್ 15ನ್ನು 900815 ಎಂದು ಅಚ್ಚು ಹಾಕಿರುತ್ತಾರೆ. ಈ ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ ಕೂಡಿದರೆ 127. ಅದನ್ನು 10ರಿಂದ ಭಾಗಿಸಿದಾಗ ಉಳಿಯುವ 7 ತಾಳೆ ಅಂಕಿ. ತಂತ್ರಾಂಶ 8ನ್ನು 6 ಎಂದು ಓದಿದರೆ ಮೊತ್ತ 113, ಶೇಷ 3. ತಾಳೆಯಾಗದು, ಮತ್ತೆ ಓದಬೇಕು. 7, 3, 1 ಇವಕ್ಕೂ 10ಕ್ಕೂ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲ. ಆದ್ದರಿಂದ ಯಾವುದೇ ಒಂದು ಅಂಕಿ ಇನ್ನೊಂದಾದರೆ ತಪ್ಪು ಸಿಕ್ಕಿಬೀಳಲೇಬೇಕು.

ಆದರೆ ಈ ಲೆಕ್ಕ ಮೋಸಗಾರನಿಗೂ ಗೊತ್ತು. ಹುಟ್ಟಿದ ದಿನ ತಿದ್ದುವವನು ತಾಳೆ ಅಂಕಿಗಳನ್ನೂ ತಿದ್ದಿಬಿಟ್ಟರೆ ಸಾಲು ಸರಿಯಾಗಿಯೇ ಹೊಂದುತ್ತದೆ. ನಕಲಿಯನ್ನು ಹಿಡಿಯಲು ಬೇರೆಯದೇ ಗಣಿತ ಬೇಕು. ಇ-ಪಾಸ್‌ಪೋರ್ಟಿನ ಚಿಪ್‌ನಲ್ಲೂ ಆಧಾರ್‌ನ ಕ್ಯೂಆರ್ ಕೋಡಿನಲ್ಲೂ ಇರುವ ಡಿಜಿಟಲ್ ಸಹಿ ಅಂಥದ್ದು.

ಆಧಾರ್ ಕೋಡಿನಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ, ಪುಟ್ಟ ಫೋಟೊ, ಆಧಾರ್ ಸಂಖ್ಯೆಯ ಕೊನೆಯ 4 ಅಂಕಿ ಇವೆಲ್ಲಕ್ಕೂ ಸೇರಿ ಆಧಾರ್ ನೀಡುವ ಪ್ರಾಧಿಕಾರದ ಸಹಿ ಇರುತ್ತದೆ. ಸಹಿ ಹಾಕುವ ಗುಪ್ತ ಕೀಲಿ ಪ್ರಾಧಿಕಾರದ ಬಳಿ ಮಾತ್ರ. ಅದನ್ನು ಪರೀಕ್ಷಿಸುವ ಕೀಲಿ ಎಲ್ಲರಿಗೂ ಸಿಗುತ್ತದೆ. ವಿಳಾಸದ ಒಂದಕ್ಷರ ಬದಲಾದರೂ ಸಹಿ ಹೊಂದದು. ಪರೀಕ್ಷೆಗೆ ಇಂಟರ್ನೆಟ್ಟೂ ಬೇಡ.

ಇಷ್ಟಾದರೂ ಒಂದು ಕೆಲಸ ಮನುಷ್ಯನಿಗೇ ಉಳಿಯುತ್ತದೆ. ಬೇರೆಯವರ ಕೋಡನ್ನು ಇಡಿಯಾಗಿ ನಕಲು ಮಾಡಿ ತಂದರೂ ಸಹಿ ಹೊಂದುತ್ತದೆ. ಪರದೆಯ ಮೇಲೆ ಮೂಡಿದ ಫೋಟೊವನ್ನು ಎದುರಿಗಿರುವ ಮುಖದೊಂದಿಗೆ ಹೋಲಿಸಿ ನೋಡಲೇಬೇಕು.

ಲಾಡ್ಜುಗಳಲ್ಲಿ, ಅಂಗಡಿಗಳಲ್ಲಿ ಕಾರ್ಡಿನ ಜೆರಾಕ್ಸ್ ಪಡೆದು ಕಡತಕ್ಕೆ ಸೇರಿಸುವುದು ಇಂದಿಗೂ ರೂಢಿ. ಪ್ರತಿ ತೆಗೆದಿಟ್ಟ ಮಾತ್ರಕ್ಕೆ ಕಾರ್ಡು ಅಸಲಿಯೆಂದು ಖಚಿತವಾಗದು. ಮರೆಮಾಡದ 12 ಅಂಕಿಗಳು ಮಾತ್ರ ಅಪರಿಚಿತರ ಕಪಾಟಿನಲ್ಲಿ ಉಳಿಯುತ್ತವೆ. ಕೋಡನ್ನು ಸ್ಕ್ಯಾನ್ ಮಾಡಿ ಸಹಿ ಪರೀಕ್ಷಿಸಿದರೆ ಪೂರ್ತಿ ಸಂಖ್ಯೆ ಕೊಡದೆಯೇ ಕೆಲಸ ಮುಗಿಯುತ್ತದೆ. ಮುಂದಿನ ಸಲ ಯಾರಾದರೂ ಜೆರಾಕ್ಸ್ ಕೇಳಿದರೆ, ಸ್ಕ್ಯಾನ್ ಮಾಡಿ ನೋಡಿ ಎಂದು ಹೇಳುವುದನ್ನು ನಾವು ಅಭ್ಯಾಸ ಮಾಡಿಕೊಳ್ಳಬೇಕು.