ಹಡಗು ಹತ್ತಿ ಹೋದವರ ಊರು

ಕಡಲಾಚೆಯಿಂದ ಒಬ್ಬರು, “ನಮ್ಮ ಮುತ್ತಜ್ಜ ನಿಮ್ಮೂರಿನವನಂತೆ, ಆ ಮನೆತನ ಇನ್ನೂ ಉಂಟೇ?” ಎಂದು ಕಾಗದ ಬರೆದರೆ ನೀವು ಹೇಗೆ ಶೋಧಿಸುವಿರಿ?

ಮದ್ರಾಸಿನಿಂದ ಹೊರಟಿದ್ದ ‘ಟ್ರೂರೋ’ ಹಡಗು 1860ರ ನವೆಂಬರ್ 16ರಂದು ದಕ್ಷಿಣ ಆಫ್ರಿಕದ ಡರ್ಬನ್ ಬಂದರನ್ನು ಮುಟ್ಟಿತು. 1911ರವರೆಗೆ ಸುಮಾರು 1,52,000 ಮಂದಿ ಭಾರತದಿಂದ ಹೀಗೆ ಕರಾರಿನ ಕೂಲಿಗಳಾಗಿ ಅಲ್ಲಿಗೆ ಹೋದರು. ಮೈಸೂರು ಸೀಮೆಯವರೂ ಅವರಲ್ಲಿದ್ದರು. ಅನೇಕರು ಮರಳಲಿಲ್ಲ.

ಹಡಗಿನ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಒಂದು ಸಂಖ್ಯೆ ಉಂಟು. ಅದರೆದುರಿಗೆ ಹೆಸರು, ತಂದೆಯ ಹೆಸರು, ವಯಸ್ಸು, ಊರು, ಜಿಲ್ಲೆ. ಆ ಸಂಖ್ಯೆ ಮನೆಯ ಹಳೆಯ ಕಾಗದದಲ್ಲಿ ದೊರೆತರೆ ಪಟ್ಟಿಯ ಸಾಲು ಸಿಕ್ಕಂತೆಯೇ.

ತೊಡಕಿರುವುದು ಲಿಪಿಯಲ್ಲಿ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಟಕಾರ ತಕಾರಗಳೂ ಳಕಾರ ಲಕಾರಗಳೂ ಒಂದೇ ಆಗಿಬಿಡುತ್ತವೆ, ಹ್ರಸ್ವದೀರ್ಘಗಳೂ ಅಳಿಯುತ್ತವೆ. ಕಲಬುರಗಿಯ ನಮ್ಮ ಕೋಟನೂರನ್ನು ಹಾಗೆ ಬರೆದರೆ ಬೆಂಗಳೂರಿನ ಕೊತ್ತನೂರೆಂದೂ ಓದಬಹುದು! ಆದುದರಿಂದ ಊರ ಹೆಸರೊಂದನ್ನೇ ನಂಬಲಾಗದು. ಜಿಲ್ಲೆಯೂ ತಂದೆಯ ಹೆಸರೂ ಕೂಡಿಬಂದರೆ ಮಾತ್ರ ನೆಚ್ಚಬಹುದು.

ಅಂಥ ಕಾಗದ ಬಂದರೆ ಬದಿಗಿಡಬೇಡಿರಿ. ಅದರಲ್ಲಿನ ಹೆಸರುಗಳನ್ನು ಬಗೆಬಗೆಯಾಗಿ ಉಚ್ಚರಿಸಿ ಮನೆಯ ಹಿರಿಯರಿಗೆ ಕೇಳಿಸಿರಿ. ಕಣ್ಣಿಗೆ ತಿಳಿಯದ ಹೆಸರನ್ನು ಕಿವಿ ಗುರುತಿಸೀತು.