ಮರೆವಿನ ಹಿರಿಯರು ಒಬ್ಬರೇ ಹೊರಟಾಗ

ಅರವತ್ತಕ್ಕೆ ಅರಳು ಮರಳು ಎಂದು ಹೇಳಿ ನಾವು ಈ ವಿಷಯವನ್ನು ಬಹುಕಾಲ ತಳ್ಳಿಹಾಕಿಕೊಂಡು ಬಂದಿದ್ದೇವೆ. ಕಳೆದ ಕೊಯ್ಲಿನಲ್ಲಿ ನಮ್ಮ ಸದಸ್ಯರೊಬ್ಬರ ತಂದೆಯವರು, ಎಂಬತ್ತು ದಾಟಿದವರು, ಬೋರ್ಡಿನ ಪೂಲಿಗೆ ಕಾಫಿ ಒಪ್ಪಿಸಿ ಬರುತ್ತೇನೆಂದು ಸಂಜೆ ನಾಲ್ಕಕ್ಕೆ ಹೊರಟರು. ಪೂಲ್ ಪದ್ಧತಿ 1996ರ ಹೊತ್ತಿಗೇ ಮುಗಿದದ್ದು. ಮನೆಯವರೆಲ್ಲ ಕಣದಲ್ಲಿದ್ದರು. ರಾತ್ರಿ ಒಂಬತ್ತಕ್ಕೆ ಅವರು ಸಿಕ್ಕಿದ್ದು ಎರಡು ಫರ್ಲಾಂಗಿನೊಳಗೆ, ತಮ್ಮದೇ ಕಾಫಿಗಿಡಗಳ ನಡುವೆ. ಹುಡುಕುವವರು ಆ ದಾರಿಯಲ್ಲೇ ಎರಡು ಸಲ ಕೂಗುತ್ತಾ ಹಾದುಹೋಗಿದ್ದರು, ಅವರು ಓಗೊಟ್ಟಿರಲಿಲ್ಲ.

ಓಗೊಡದಿರುವುದು ಹಟವಲ್ಲ, ಕಾಯಿಲೆ. ಡಿಮೆನ್ಷಿಯಾ ಎಂಬ ಈ ಮರೆವಿನ ರೋಗದಲ್ಲಿ ಹೆಚ್ಚಾಗಿ ಕಾಣುವ ಬಗೆಯನ್ನು ಜರ್ಮನಿಯ ವೈದ್ಯ ಆಲ್‌ಜೈಮರ್ 1906ರಲ್ಲಿ ವಿವರಿಸಿದರು. ಹೊಸ ನೆನಪನ್ನೂ ದಾರಿಯ ಗುರುತನ್ನೂ ಹಿಡಿದಿಡುವ ಮೆದುಳಿನ ಭಾಗ ಅದರಲ್ಲಿ ಮೊದಲು ಸವೆಯುತ್ತದೆ. ಹಳೆಯ ನೆನಪು ತಡವಾಗಿ ಅಳಿಯುತ್ತದೆ. ಹೀಗಾಗಿ ನಲವತ್ತು ವರ್ಷದ ಹಿಂದಿನ ಕೆಲಸ ಈ ಹೊತ್ತಿನ ಕೆಲಸವಾಗಿ ತೋರುತ್ತದೆ. ನಾವು ಅಲೆದಾಟ ಎನ್ನುತ್ತೇವೆ, ಅವರ ಪಾಲಿಗೆ ಅದು ತೋಟದ ಜವಾಬ್ದಾರಿ. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು.

ಕೋಣೆಗೆ ಬೀಗ ಹಾಕಿ ತೋಟಕ್ಕೆ ಹೋಗುವ ಮನೆಗಳಿವೆ. ಅವರನ್ನು ನಾವು ದೂರುವುದಿಲ್ಲ. ಕೆರೆ, ಬಸಿಗಾಲುವೆ, ಮುಸ್ಸಂಜೆಯ ಕಾಡಾನೆ ಇವನ್ನೆಲ್ಲ ನೆನೆದು ಸೊಸೆಯಾದವಳಿಗೆ ರಾತ್ರಿ ನಿದ್ದೆಯಿಲ್ಲ. ಆದರೆ ಒಳಗೆ ಬೆಂಕಿ ಬಿದ್ದರೆ, ಜಾರಿ ಬಿದ್ದರೆ ತೆರೆಯುವವರು ಯಾರು? ಕೂಡಿಹಾಕಿದಷ್ಟೂ ಸಿಟ್ಟೂ ತಳಮಳವೂ ಏರುತ್ತದೆ. ಬೆಳಗ್ಗೆ ಯಾರಾದರೂ ಜೊತೆಗಿದ್ದು ಒಂದು ಸುತ್ತು ತೋಟ ತಿರುಗಿಸಿ, ಕಾಳುಮೆಣಸು ಬಿಡಿಸುವಂಥ ಕೈಗೆಲಸ ಕೊಟ್ಟರೆ ಸಂಜೆಯ ಚಡಪಡಿಕೆ ತಗ್ಗುವುದುಂಟು. ‘ಮನೆಗೆ ಹೋಗಬೇಕು’ ಎಂದಾಗ ‘ಇದೇ ಮನೆ’ ಎಂದು ವಾದಿಸದೆ, ಜೊತೆಗೆ ನಾಲ್ಕು ಹೆಜ್ಜೆ ನಡೆದು ಮಾತನಾಡುತ್ತಾ ಹಿಂದಿರುಗಿಸುವುದು ಮೇಲು. ಉಣುಗೋಲಿಗೆ ದನದ ಗಂಟೆಯೊಂದನ್ನು ಕಟ್ಟಿ. ಅಂಗಿಯೊಳಗೆ ಫೋನ್ ಸಂಖ್ಯೆ ಬರೆದ ಬಟ್ಟೆಯ ತುಂಡು ಹೊಲಿಯಿರಿ. ದಾರಿ ತೋರುವ ಯಂತ್ರವನ್ನು ಕೊರಳಿಗೆ ಕಟ್ಟಬಹುದು, ಆದರೆ ಸಿಗ್ನಲ್ಲೇ ಇಲ್ಲದ ನಮ್ಮ ಕಣಿವೆಗಳಲ್ಲಿ ಅದನ್ನೇ ನಂಬಿ ಕೂರಲಾಗದು.

ನಾಚಿಕೆಯಿಂದ ಮುಚ್ಚಿಡುವುದೇ ದೊಡ್ಡ ಅಪಾಯ. ಲೈನ್ ಮನೆಯವರಿಗೆ, ಬಸ್ಸಿನ ಕಂಡಕ್ಟರಿಗೆ, ಅಂಗಡಿಯವರಿಗೆ ಹೇಳಿಡಿ. ಅಸ್ಸಾಮಿನಿಂದ ಬಂದ ಕೆಲಸಗಾರರಿಗೆ ಕನ್ನಡ ತಿಳಿಯದಿದ್ದರೆ ಫೋಟೊ ತೋರಿಸಿದರೆ ಸಾಕು. ಕಾಣೆಯಾದರೆ ಮೊದಲು ಮನೆಯ ಸುತ್ತಲಿನ ಪೊದೆ, ಕಾಲುವೆ, ಕೆರೆ, ಹಳೆಯ ದಾರಿಗಳನ್ನು ಕಣ್ಣಾರೆ ನೋಡಿ, ಕೂಗಿದರೆ ಸಾಲದು. ಮಾರನೆಯ ದಿನಕ್ಕೆ ಕಾಯದೆ 112ಕ್ಕೆ ತಿಳಿಸಿ. ಹಿರಿಯರ ಸಹಾಯವಾಣಿ 14567.

ಇನ್ನೊಂದು ಮಾತು. ಎಲ್ಲ ಮರೆವೂ ಇದೇ ರೋಗವಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಕಟ್ಟಿರುವುದು, ಇವಕ್ಕೆ ಚಿಕಿತ್ಸೆಯಿದೆ. ಆದ್ದರಿಂದ ಒಮ್ಮೆ ವೈದ್ಯರಿಗೆ ತೋರಿಸಲೇಬೇಕು.

ಇಂಥ ಹಿರಿಯರಿರುವ ಸದಸ್ಯರು ಅವರ ಈಚಿನ ಫೋಟೊ ಒಂದನ್ನು ಸಂಘದ ಕಛೇರಿಗೆ ತಲುಪಿಸಿದರೆ ನಾವು ಜೋಪಾನವಾಗಿ ಇಟ್ಟಿರುತ್ತೇವೆ. ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಟಾರ್ಚ್ ಹಿಡಿದು ಬರುವ ನಾಲ್ಕಾರು ಜನರನ್ನು ಹೊಂದಿಸುವ ಹೊಣೆ ನಮ್ಮದು.