ಹೊಸರಿತ್ತಿಯ ಕಂದಾಯ, ಮೋಟೆಬೆನ್ನೂರಿನ ಮಹಾದೇವಪ್ಪ

ಯುದ್ಧವೆಂದರೆ ನಮಗೆ ಮೊದಲು ನೆನಪಾಗುವುದು ಬಂದೂಕು. ಸಂಘಟನೆ, ನಿರ್ವಹಣೆಗಳನ್ನು ಅಧ್ಯಯನ ಮಾಡುವವರ ಕಣ್ಣು ಬೇರೆಡೆ ಬೀಳುತ್ತದೆ: ಆಜ್ಞೆ ಯಾರಿಂದ ಯಾರಿಗೆ ಹೋಗುತ್ತದೆ, ಅನ್ನ ಎಲ್ಲಿಂದ ಬರುತ್ತದೆ, ಹಣ ಯಾರ ಕೈಯಲ್ಲಿದೆ, ಮುಖಂಡ ಸಿಕ್ಕಿಬಿದ್ದರೆ ಕೆಲಸ ನಿಲ್ಲುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಹಾವೇರಿ ಸೀಮೆಯಲ್ಲೇ ಉತ್ತರ ಹುಡುಕಬಹುದು. 1942ರ ಆಗಸ್ಟ್ 9ರಂದು ಗಾಂಧೀಜಿ ಸೇರಿದಂತೆ ಕಾಂಗ್ರೆಸ್ಸಿನ ಹಿರಿಯ ನಾಯಕರು ಬಂಧನಕ್ಕೊಳಗಾದರು. ತಲೆ ತೆಗೆದರೆ ಕ್ವಿಟ್ ಇಂಡಿಯಾ ಚಳವಳಿ ಸಾಯುತ್ತದೆ ಎಂಬುದು ಸರ್ಕಾರದ ಲೆಕ್ಕ. ಆದರೆ ಮುಂಬೈ ಕರ್ನಾಟಕದ ಹಳ್ಳಿಗಳಲ್ಲಿ ಭೂಗತ ತಂಡಗಳು ಎದ್ದವು. ಅವುಗಳ ಗುರಿ ನೋಡಿ: ತಂತಿ, ರೈಲು, ಅಂಚೆ, ಚಾವಡಿಯ ದಫ್ತರ. ಹಳ್ಳಿಯ ಮಟ್ಟದಲ್ಲಿ ಬ್ರಿಟಿಷ್ ಆಳ್ವಿಕೆ ನಿಂತಿದ್ದು ಬೆರಳೆಣಿಕೆಯ ಪೊಲೀಸರ ಮೇಲಲ್ಲ, ಕಾಗದ ಮತ್ತು ಕಂದಾಯದ ಮೇಲೆ. ಅದು ಈ ತಂಡಗಳಿಗೆ ಗೊತ್ತಿತ್ತು.

ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪ, 1930ರ ದಂಡಿಯಾತ್ರೆಗೆ ಸಾಬರಮತಿಯಿಂದ ಗಾಂಧೀಜಿಯೊಡನೆ ಹೊರಟವರಲ್ಲಿ ಒಬ್ಬ. ಆ ಯಾತ್ರಿಕರು ನಡೆದು ದಣಿದರೂ ದಿನವೂ ಪ್ರಾರ್ಥನೆ ಮಾಡಬೇಕಿತ್ತು, ನೂಲಬೇಕಿತ್ತು, ದಿನಚರಿ ಬರೆಯಬೇಕಿತ್ತು. ಮೇಲಿನಿಂದ ಆಜ್ಞೆ ಬಾರದಿದ್ದಾಗ ಕೆಲಸಕ್ಕೆ ಬಂದದ್ದು ಇಂಥ ಪಳಗಿಕೆಯೇ ಎಂದು ನನ್ನ ಎಣಿಕೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿದ್ದ ಕಂದಾಯದ ಹಣಕ್ಕೆ ಅವನು ಮುನ್ನಡೆಸಿದ ಭೂಗತ ತಂಡ ನುಗ್ಗಿತು. ಪೊಲೀಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬಲಿಯಾದರು. (ರೈಲನ್ನೂ ಗುರಿಯಾಗಿಸಿದ್ದ ಚಳವಳಿಯ ಹುತಾತ್ಮ ಮಹಾದೇವಪ್ಪನ ಹೆಸರನ್ನೇ ಹಾವೇರಿ ರೈಲು ನಿಲ್ದಾಣ ಇಂದು ಹೊತ್ತಿದೆ.)

ಇದು ಯುದ್ಧವೇ ಎಂದು ಯಾರಾದರೂ ಕೇಳಬಹುದು. ವೈಸರಾಯ್ ಲಿನ್‌ಲಿತ್‌ಗೋ ಚರ್ಚಿಲ್‌ಗೆ ಕಳಿಸಿದ ತಂತಿ ಸಂದೇಶದಲ್ಲಿ 1942ರ ಈ ಚಳವಳಿಯನ್ನು 1857ರ ನಂತರದ ಅತ್ಯಂತ ಗಂಭೀರ ಬಂಡಾಯವೆಂದ. ಹತ್ತಿಕ್ಕಲು ಸೈನ್ಯವನ್ನೇ ಇಳಿಸಲಾಯಿತು. ಬಲಿದಾನವನ್ನು ಕಂಪನಿ ಲೆಕ್ಕದಂತೆ ಅಳೆಯುವುದು ಸರಿಯೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆದರೆ ಶೌರ್ಯವನ್ನಷ್ಟೇ ಕೊಂಡಾಡಿದರೆ ಅಡಗಲು ಜಾಗ ಕೊಟ್ಟವರು, ರೊಟ್ಟಿ ಕಟ್ಟಿಕೊಟ್ಟವರು, ಸುದ್ದಿ ಮುಟ್ಟಿಸಿದವರು ಕಥೆಯಿಂದ ಬಿದ್ದುಹೋಗುತ್ತಾರೆ. ಮಹಾದೇವಪ್ಪನ ಹೆಂಡತಿ, ಸತ್ಯಾಗ್ರಹದಲ್ಲಿ ಜೈಲು ಕಂಡ ಸಿದ್ದಮ್ಮನ ಹೆಸರೂ ಎಷ್ಟು ಜನಕ್ಕೆ ಗೊತ್ತು? ಇಂಥ ತಂಡದ ಮಿತಿಯೂ ಈ ನೋಟದಿಂದಲೇ ತಿಳಿಯುತ್ತದೆ. ಅಧಿಕಾರಶಾಹಿಯಲ್ಲಿ ವ್ಯಕ್ತಿ ಹೋದರೂ ಹುದ್ದೆ ಉಳಿಯುತ್ತದೆ ಎಂಬುದು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್‌ನ ವಿಚಾರ. ಒಬ್ಬ ಪೊಲೀಸ್ ಬಿದ್ದರೆ ಸರ್ಕಾರ ಇನ್ನೊಬ್ಬನನ್ನು ಕಳಿಸುತ್ತಿತ್ತು. ನಂಬಿಕೆಯ ಮೇಲೆ ಕಟ್ಟಿದ ತಂಡದಲ್ಲಿ ಮಹಾದೇವಪ್ಪನ ಜಾಗಕ್ಕೆ ಕಳಿಸಲು ಯಾರೂ ಇರಲಿಲ್ಲ.